ಗಟ್ಟಿ ಎಣ್ಣೆ

ಕನ್ನಡದ ಮೇಷ್ಟರೊಬ್ಬರು ಮೋಟಾರು ಗಾಡಿಯ ಎಣ್ಣೆಯನ್ನು ಕುರಿತು ಬರೆಯಲು ಕುಳಿತರೆ ವಾಚಕರು ಹುಬ್ಬೇರಿಸುವುದು ಸಹಜ. ತರಗತಿಯಲ್ಲಿ ಶ್ಲೇಷಾಲಂಕಾರವನ್ನು ಬೋಧಿಸಿ ಸಂಬಳ ಪಡೆಯುವವನಿಗೂ ಗೇರ್‌ಬಾಕ್ಸಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ಒಂದೇ ಪದದಿಂದ ಎರಡು ಅರ್ಥ ಹೊರಡುವುದು ಶ್ಲೇಷ. ಅದು ಕಾವ್ಯದಲ್ಲಿದ್ದರೆ ಸೊಗಸು. ಗೇರ್‌ಬಾಕ್ಸಿನೊಳಗೆ ಹೊಕ್ಕರೆ ಏನಾಗುವುದೆಂಬುದನ್ನು ಕಳೆದ ಧನುರ್ಮಾಸದಲ್ಲಿ ನಾನು ಹಣ ತೆತ್ತು ಕಲಿತೆ.

ನಮ್ಮೂರು ಹೊಸಹಳ್ಳಿ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲೆ ಕೂಡ್ಲಿಗಿಗೆ ಮೊದಲು ಸಿಗುತ್ತದೆ. ೨೦೨೧ರಲ್ಲಿ ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಬಿಸಿಲು ಬದಲಾಗಲಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಕಾಯುವ ಈ ಬಯಲುಸೀಮೆಯಲ್ಲಿ ಚಳಿಯ ಮಾತೆತ್ತಿದರೆ ಮಡಿಕೇರಿಯವರು ನಕ್ಕಾರು. ಆದರೂ ಧನುರ್ಮಾಸದ ಬೆಳಗಿನ ಜಾವ ಇಲ್ಲಿಯೂ ಕಂಬಳಿ ಬೇಕಾಗುತ್ತದೆ. ಬಚ್ಚಲ ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ನಮ್ಮ ಅವ್ವನಿಗೆ ಉಬ್ಬಸ ಮರಳುವುದೂ ಆಗಲೇ.

ತಂದೆಯವರು ಬಿಟ್ಟುಹೋದ ಹಳೆಯ ಡೀಸೆಲ್ ಜೀಪೊಂದು ನಮ್ಮ ಮನೆಯಲ್ಲಿದೆ. ಹೊಲದಿಂದ ಶೇಂಗಾ ಮೂಟೆ ತರುವುದಕ್ಕೂ ನೆಂಟರ ಮದುವೆಗೆ ಹೋಗುವುದಕ್ಕೂ ಅದೇ. ಕಳೆದ ಮುಂಗಾರಿನಲ್ಲಿ ಗೇರ್‌ಬಾಕ್ಸಿನಿಂದ ಸಣ್ಣಗೆ ಗೊಯ್ ಎಂಬ ಸದ್ದು ಹೊರಟಿತು. ಮೇಸ್ತ್ರಿಗಳ ಬಳಿಗೆ ಒಯ್ದೆ. ಎಣ್ಣೆ ಬದಲಿಸಿ ವರ್ಷಗಳಾಗಿವೆ, ಮೊದಲು ಅದನ್ನು ಮಾಡೋಣವೆಂದರು. ಗೇರ್‌ಬಾಕ್ಸಿಗೆಂದು ಅವರು ತೆಗೆದಿಟ್ಟ ಡಬ್ಬಿಯ ಮೇಲೆ ೮೦ಡಬ್ಲ್ಯೂ-೯೦ ಎಂದಿತ್ತು. ಅದೇ ಹೊತ್ತಿಗೆ ಜೀಪಿನ ಹಿಂದಿನ ಅಚ್ಚಿಗೆ ಹುಡುಗನೊಬ್ಬ ಬೇರೊಂದು ಎಣ್ಣೆ ಸುರಿಯುತ್ತಿದ್ದ. ಅದು ೮೫ಡಬ್ಲ್ಯೂ-೧೪೦. ಜೋನಿಬೆಲ್ಲದಂತೆ ದಪ್ಪನೆಯ ಧಾರೆಯಾಗಿ ಇಳಿಯುತ್ತಿದ್ದ ಆ ಎಣ್ಣೆಯನ್ನು ಕಂಡು ನನಗೆ ಆಸೆಯಾಯಿತು.

“ಅದೇ ಗಟ್ಟಿ ಎಣ್ಣೆಯನ್ನು ಗೇರ್‌ಬಾಕ್ಸಿಗೂ ಹಾಕಿಬಿಡಿ” ಎಂದೆ.

“ಬ್ಯಾಡ ಮೇಷ್ಟ್ರೇ. ಪುಸ್ತಕದಾಗೆ ಇದಕ್ಕೆ ಬ್ಯಾರೆ ಬರ್ದೈತೆ.”

“ಗಟ್ಟಿ ಇದ್ದಷ್ಟೂ ಬಾಳಿಕೆ ಹೆಚ್ಚಲ್ಲವೆ?”

ಮೇಸ್ತ್ರಿಗಳು ಒಮ್ಮೆ ನನ್ನ ಮುಖ ನೋಡಿದರು. ಗಿರಾಕಿಯ ಮಾತು ಮೀರುವುದೆಂತೆಂದು ಸುಮ್ಮನಾದರು. ನನ್ನ ನಂಬಿಕೆಗೆ ಆಧಾರವಿರಲಿಲ್ಲವೆಂದಲ್ಲ. ನಮ್ಮ ತಾತ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೆ. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬೆರಳಿಗೆ ಅಂಟಿದರೆ ಎರಡು ದಿನ ಬಿಡದಂತೆ ಮಾಡುತ್ತಿದ್ದರು. ಗಟ್ಟಿಯಾದದ್ದೇ ಒಳ್ಳೆಯ ಎಣ್ಣೆಯೆಂಬ ಭಾವನೆ ಅಂದಿನಿಂದ ಮನಸ್ಸಿನಲ್ಲಿ ಬೇರೂರಿತ್ತು. ಹೊಸ ಎಣ್ಣೆ ಬಿದ್ದ ಮೇಲೆ ಗೊಯ್ ಸದ್ದೂ ಅಡಗಿತು. ನಾಲ್ಕು ಜನರೆದುರು ನನ್ನ ಯಂತ್ರಜ್ಞಾನವನ್ನು ನಾನೇ ಹೊಗಳಿಕೊಂಡೆ.

ಧನುರ್ಮಾಸ ಬಂತು. ಒಂದು ದಿನ ಬೆಳಗಿನ ಐದು ಗಂಟೆಗೆ ಅವ್ವನಿಗೆ ಉಬ್ಬಸ ಕೆರಳಿತು. ಮಾತ್ರೆಗೆ ಬಗ್ಗಲಿಲ್ಲ, ಸೇದುವ ಔಷಧಕ್ಕೂ ಬಗ್ಗಲಿಲ್ಲ. ಕೂಡ್ಲಿಗಿಗೆ ಕರೆದೊಯ್ಯುವುದೆಂದು ಕಂಬಳಿ ಹೊದಿಸಿ ಜೀಪಿನಲ್ಲಿ ಕೂರಿಸಿದೆ. ಎಂಜಿನು ಹತ್ತಿತು, ಮೊದಲನೆಯ ಗೇರು ಬಿತ್ತು, ಜೀಪು ಬೀದಿಗಿಳಿಯಿತು. ಎರಡನೆಯ ಗೇರು ಬೀಳಲೊಲ್ಲದು. ಸರಳನ್ನು ಎಳೆದರೆ ಅಂಬಲಿಯ ಗಡಿಗೆಯಲ್ಲಿ ಸೌಟು ತಿರುವಿದಂತೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಪಕ್ಕದಲ್ಲಿ ಅವ್ವನ ಉಸಿರು ಸಿಳ್ಳು ಹಾಕುತ್ತಿತ್ತು. ನಾನು ಹಲ್ಲು ಕಚ್ಚಿ ಬಲವಾಗಿ ಎಳೆದೆ. ಒಳಗೆ ಕರ್ರೆಂದು ಕಬ್ಬಿಣ ಕಡಿದ ಸದ್ದಾಯಿತು. ಮತ್ತೆ ಎಳೆದೆ, ಮತ್ತೆ ಅದೇ ಸದ್ದು. ಹೆದ್ದಾರಿಯವರೆಗೂ ಮೊದಲನೆಯ ಗೇರಿನಲ್ಲೇ ಎತ್ತಿನ ನಡಿಗೆಯಲ್ಲಿ ಹೋಗಿ, ಅಲ್ಲಿಂದ ಮುಂದೆ ಎರಡು ಮೂರು ಮೈಲಿಯಷ್ಟು ಹೀಗೆಯೇ ಗುದ್ದಾಡಿದ ಮೇಲೆ ಸರಳು ಸಡಿಲವಾಯಿತು. ಅರ್ಧ ಗಂಟೆಯ ಹಾದಿಗೆ ಒಂದು ಗಂಟೆ ಹಿಡಿಯಿತು. “ಇನ್ನೂ ಸ್ವಲ್ಪ ಮೊದಲೇ ಕರೆತರಬಾರದಿತ್ತೆ?” ಎಂದು ಡಾಕ್ಟರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆವಿಯ ಔಷಧ ಕೊಟ್ಟ ಮೇಲೆ ಅವ್ವ ಸುಧಾರಿಸಿಕೊಂಡಳು. ಜೀಪು ಸುಧಾರಿಸಲಿಲ್ಲ. ಮರುದಿನದಿಂದ ಬಿಸಿಲೇರಿದ ಮೇಲೂ ಎರಡನೆಯ ಗೇರು ಕರಕರನೆ ಹಲ್ಲು ಕಡಿಯತೊಡಗಿತು.

ಮೇಸ್ತ್ರಿಗಳು ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಿದರು. ಒಳಗಿನಿಂದ ಬಳೆಯಷ್ಟು ಅಗಲದ ಹಿತ್ತಾಳೆಯ ಉಂಗುರವೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅದರ ಅಂಚಿನ ಸಣ್ಣ ಹಲ್ಲುಗಳು ಮೊಂಡಾಗಿದ್ದವು. ಸಿಂಕ್ರೊ ರಿಂಗ್ ಎಂದು ಅದರ ಹೆಸರು. ಅಂದು ಅವರು ಚಹ ಕುಡಿಯುತ್ತ ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಕೊಡುತ್ತೇನೆ.

ಕೈಯಿಂದ ಗೇರು ಬದಲಿಸುವ ಇಂದಿನ ಗಾಡಿಗಳಲ್ಲಿ ಮುಂದಕ್ಕೆ ಹೋಗುವ ಗೇರಿನ ಚಕ್ರಗಳೆಲ್ಲ ಸಾಮಾನ್ಯವಾಗಿ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಸರಳನ್ನು ಎಳೆದಾಗ, ಬೇಕಾದ ಚಕ್ರವನ್ನು ಅದರ ದಂಡಕ್ಕೆ ಜೋಡಿಸುವ ತೋಳೊಂದು ಸರಿಯುತ್ತದೆ. ಚಕ್ರದ ವೇಗ ಬೇರೆ, ದಂಡದ ವೇಗ ಬೇರೆ. ಎರಡನ್ನೂ ಸಮ ಮಾಡುವ ಕೆಲಸ ಈ ಹಿತ್ತಾಳೆ ಉಂಗುರದ್ದು. ಅದು ಚಕ್ರದ ಶಂಕುವಿನಾಕಾರದ ಭಾಗವನ್ನು ಉಜ್ಜಿ ಹಿಡಿದು ವೇಗವನ್ನು ಸರಿದೂಗಿಸುತ್ತದೆ. ಆಮೇಲೆಯೇ ತೋಳು ಸದ್ದಿಲ್ಲದೆ ಹೊಗುತ್ತದೆ. ಉಂಗುರ ಹಿಡಿಯಬೇಕಾದರೆ ನಡುವಿನ ಎಣ್ಣೆಯ ಪದರ ಚಟ್ಟನೆ ಸರಿದು ದಾರಿ ಬಿಡಬೇಕು. ಚಳಿಯಲ್ಲಿ ಮಂದವಾದ ಎಣ್ಣೆ ಸರಿಯುವುದಿಲ್ಲ; ಉಂಗುರ ಜಾರುತ್ತದೆ. ಅಷ್ಟೇ ಅಲ್ಲದೆ ಆ ಮಂದ ಎಣ್ಣೆ ಚಕ್ರಗಳನ್ನೂ ಹಿಡಿದು ಎಳೆಯುತ್ತಿರುತ್ತದೆ. ಆಗ ಸರಳು ತಡೆಯುತ್ತದೆ. ಸ್ವಲ್ಪ ತಾಳು ಎಂದು ಅದು ಹೇಳುವ ಮಾತು ಅದು. ಕೇಳದೆ ಬಲ ಹಾಕಿದರೆ ಹಲ್ಲಿಗೆ ಹಲ್ಲು ತಗಲುತ್ತದೆ.

“ಬಂಡಿ ಅಚ್ಚಿಗೆ ಎಣ್ಣೆ ಅಂಟ್ಕೊಂಡಿದ್ರೆ ಸಾಕು ಮೇಷ್ಟ್ರೇ. ಇದ್ರಾಗೆ ಎಣ್ಣೆ ಓಡಾಡಬೇಕು” ಎಂದರು ಮೇಸ್ತ್ರಿಗಳು. ತಾತನ ಕೀಲೆಣ್ಣೆ ತಪ್ಪಲ್ಲ. ಅದನ್ನು ತಂದು ಇಲ್ಲಿಗೆ ಹೋಲಿಸಿದ ಮೊಮ್ಮಗನದು ತಪ್ಪು.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. ಅಮೆರಿಕದಲ್ಲಿ ೧೯೦೫ರಲ್ಲಿ ಹುಟ್ಟಿದ ಮೋಟಾರು ಎಂಜಿನಿಯರುಗಳ ಸಂಘ, ಎಸ್.ಎ.ಇ., ಗೊತ್ತುಮಾಡಿದ ಅಳತೆ ಇದು. ಡಬ್ಲ್ಯೂ ಎಂಬುದು ಚಳಿಗಾಲಕ್ಕೆ ಇಂಗ್ಲಿಷಿನಲ್ಲಿರುವ ವಿಂಟರ್ ಎಂಬ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ಚಳಿಯ ನಡವಳಿಕೆಯನ್ನೂ ಮುಂದಿನ ಅಂಕಿ ಬಿಸಿಯಾದಾಗಿನ ದಪ್ಪವನ್ನೂ ಹೇಳುತ್ತವೆ. ಚಳಿಯಲ್ಲಿ ಎಣ್ಣೆ ಮಂದವಾಗುತ್ತ ಒಂದು ಗೊತ್ತಾದ ಮಿತಿಯನ್ನು ಮುಟ್ಟುವುದಷ್ಟೆ. ೭೫ಡಬ್ಲ್ಯೂ ಎಣ್ಣೆ ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನವರೆಗೂ, ೮೦ಡಬ್ಲ್ಯೂ ೨೬ ಡಿಗ್ರಿ ಕೆಳಗಿನವರೆಗೂ, ೮೫ಡಬ್ಲ್ಯೂ ೧೨ ಡಿಗ್ರಿ ಕೆಳಗಿನವರೆಗೂ ಆ ಮಿತಿಯನ್ನು ಮೀರಬಾರದು. ಈ ಅಂಕಿಗಳನ್ನು ಎಂಜಿನ್ ಎಣ್ಣೆಯ ಅಂಕಿಗಳೊಡನೆ ಹೋಲಿಸಬಾರದು. ಅಳತೆಗೋಲುಗಳೇ ಬೇರೆ. ಗೇರ್ ಎಣ್ಣೆಯ ೯೦ ಎಂದರೆ ಕಾದಾಗ ಹೆಚ್ಚು ಕಡಿಮೆ ಎಂಜಿನ್ ಎಣ್ಣೆಯ ೪೦, ೫೦ರಷ್ಟೇ ದಪ್ಪ.

ಇಲ್ಲಿ ನನಗೊಂದು ಸಂದೇಹ ಬಂತು. ಸೊನ್ನೆಗಿಂತ ೧೨ ಡಿಗ್ರಿ ಕೆಳಗಿನವರೆಗೂ ತಡೆಯುವ ಎಣ್ಣೆ ನಮ್ಮೂರಿನ ಹದಿನೈದು ಡಿಗ್ರಿಯ ಚಳಿಗೇ ಏಕೆ ಕೈಕೊಟ್ಟಿತು? ಉತ್ತರವೇನೆಂದರೆ, ಆ ಮಿತಿಯನ್ನು ಗೊತ್ತುಮಾಡಿದ್ದು ಎಣ್ಣೆ ಹರಿಯದೆ ಅಚ್ಚಿನ ಬೇರಿಂಗು ಸುಟ್ಟುಹೋಗದಿರಲೆಂದು. ನಮ್ಮ ಕೈಗೆ ಗೇರು ಹಗುರವಾಗಿ ಬೀಳಲೆಂದಲ್ಲ. ಸಾಮಾನ್ಯವಾದ ೯೦ರ ಗೇರ್ ಎಣ್ಣೆ ೧೦೦ ಡಿಗ್ರಿಯಲ್ಲಿರುವುದಕ್ಕಿಂತ ೪೦ ಡಿಗ್ರಿಯಲ್ಲಿ ಸುಮಾರು ಹತ್ತು ಪಟ್ಟು ದಪ್ಪವಾಗಿರುತ್ತದೆ. ಹದಿನೈದಕ್ಕಿಳಿದರೆ ಇನ್ನೂ ದಪ್ಪ. ೧೪೦ರ ಎಣ್ಣೆಯಂತೂ ಕಾದಾಗಲೇ ೯೦ಕ್ಕಿಂತ ಬಹಳ ಮಂದ. ಧನುರ್ಮಾಸದ ಐದು ಗಂಟೆಯಲ್ಲಿ ಅದು ಜೋನಿಬೆಲ್ಲವಾಗಿದ್ದರೆ ಆಶ್ಚರ್ಯವಿಲ್ಲ.

ದಪ್ಪದ ಮಾತಾಯಿತು, ಗುಣದ ಮಾತು ಬೇರೆಯೇ ಇದೆ. ಡಬ್ಬಿಯ ಮೇಲೆ ಜಿ.ಎಲ್. ೪, ಜಿ.ಎಲ್. ೫ ಎಂಬ ಗುರುತುಗಳಿರುತ್ತವೆ. ಜೀಪಿನ ಹಿಂದಿನ ಅಚ್ಚಿನಲ್ಲಿ ಚಕ್ರದ ಹಲ್ಲುಗಳು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅಲ್ಲಿಗಾಗಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಹೆಚ್ಚಾಗಿ ಬೆರೆಸಿದ್ದು ಜಿ.ಎಲ್. ೫. ಆ ಗಂಧಕವೇ ಕೆಲವು ಎಣ್ಣೆಗಳಲ್ಲಿ ಬಿಸಿಯೇರಿದಾಗ ಹಿತ್ತಾಳೆಯನ್ನು ತಿನ್ನುತ್ತದೆ. ಆದುದರಿಂದ ಹಿತ್ತಾಳೆ ಉಂಗುರಗಳ ಅನೇಕ ಗೇರ್‌ಬಾಕ್ಸುಗಳಿಗೆ ಜಿ.ಎಲ್. ೪ ಎಂದು ಬರೆದಿರುತ್ತಾರೆ. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂಬ ಲೆಕ್ಕ ಇಲ್ಲಿ ನಡೆಯದು. ಹಾಗೆಂದು ಎಲ್ಲ ಗಾಡಿಗೂ ಜಿ.ಎಲ್. ೪ ಎಂದೂ ಅಲ್ಲ. ಜಿ.ಎಲ್. ೫ನ್ನೇ ಕೇಳುವ ಬಾಕ್ಸುಗಳಿವೆ. ಬಹಳ ತೆಳುವಾದ ಬೇರೆ ದ್ರವವನ್ನು ಕೇಳುವ ಹೊಸ ಬಾಕ್ಸುಗಳೂ ಇವೆ. ಗಾಡಿಯೊಡನೆ ಬಂದ ಪುಸ್ತಕವೇ ಕೊನೆಯ ಮಾತು.

ಸಂಕ್ರಾಂತಿಯ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯ ಮೇಲೆ ಊರಿಗೆ ಬಂದಿದ್ದ. ಸೈನ್ಯದಲ್ಲಿ ಲಾರಿ ನಡೆಸುವವನು, ಲಡಾಖಿನಲ್ಲಿ ಎರಡು ಚಳಿಗಾಲ ಕಳೆದವನು. ಲೇಹ್ ಪಟ್ಟಣದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುತ್ತದೆ. ನನ್ನ ೮೫ಡಬ್ಲ್ಯೂ ಎಣ್ಣೆಯ ಮಿತಿ ಮುಗಿಯುವುದೇ ಅಲ್ಲಿ. ನನ್ನ ಕಥೆ ಕೇಳಿ ಅವನು ನಗಲಿಲ್ಲ. “ಬೆಳಿಗ್ಗೆ ಗೇರಿನ ಮೇಲೆ ಸಿಟ್ಟು ಮಾಡಬಾರದು ಸಾರ್. ಮೊದಲು ನಿಧಾನಕ್ಕೆ ನಾಲ್ಕು ಹೆಜ್ಜೆ ಓಡಿಸಬೇಕು, ಅದೇ ದಾರಿಗೆ ಬರುತ್ತದೆ” ಎಂದ. ಕ್ಲಚ್ ಒತ್ತದೆ ನ್ಯೂಟ್ರಲ್‌ನಲ್ಲಿ ಎಂಜಿನು ತಿರುಗಿಸಿದರೂ ಒಳಗಿನ ಎಣ್ಣೆ ಸ್ವಲ್ಪ ಕಲಕುತ್ತದೆ. ಆದರೆ ನಿಜವಾಗಿ ಕಾಯುವುದು ಗಾಡಿ ಓಡಿದಾಗ.

ವಾಚಕರಲ್ಲಿ ಅನೇಕರ ಮನೆಯಲ್ಲಿ ಕೈಗೇರಿನ ಕಾರುಗಳಿರಬಹುದು. ಅವರ ಉಪಯೋಗಕ್ಕೆ ನಾಲ್ಕು ಮಾತು.

ಬೆಳಿಗ್ಗೆ ಮಾತ್ರ ಗಡುಸಾಗಿದ್ದು ಕೆಲವು ಮೈಲಿ ಓಡಿದ ಮೇಲೆ ಗೇರು ಸಲೀಸಾದರೆ ಮೊದಲು ಎಣ್ಣೆಯ ಮೇಲೆ ಸಂಶಯಪಡಿ. ಮಧ್ಯಾಹ್ನವೂ ಗಡುಸಾಗಿದ್ದರೆ ಎಂಜಿನು ನಿಲ್ಲಿಸಿ ಗೇರು ಬದಲಿಸಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನು ಓಡುವಾಗ ಮಾತ್ರ ತಡೆದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಶಂಕಿಸಬೇಕು; ಎಣ್ಣೆಗೆ ಸುರಿದ ಹಣ ದಂಡ. ಎಣ್ಣೆ ಬದಲಿಸುವ ಮೊದಲು ಮಟ್ಟ ನೋಡಿಸಿ, ಸೋರಿ ಕಡಿಮೆಯಾಗಿರಲೂಬಹುದು. ಬದಲಿಸುವಾಗ, ಹಳೆಯದನ್ನು ಇಳಿಸುವುದಕ್ಕೆ ಮುನ್ನ ಹೊಸದನ್ನು ತುಂಬುವ ತಿರುಪು ಬಿಚ್ಚುತ್ತದೆಯೇ ಎಂದು ನೋಡಲು ಹೇಳಿ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಗಾಡಿ ಎಣ್ಣೆಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಇಳಿಸಿದ ಎಣ್ಣೆಯನ್ನು ಚರಂಡಿಗೋ ಹೊಲಕ್ಕೋ ಚೆಲ್ಲಬೇಡಿ.

೭೫ಡಬ್ಲ್ಯೂ-೯೦ರ ದುಬಾರಿ ಸಿಂಥೆಟಿಕ್ ಎಣ್ಣೆ ಕೊಂಡರೆ ಹೇಗೆಂದು ಕೇಳಬಹುದು. ಪುಸ್ತಕ ಅದಕ್ಕೆ ಒಪ್ಪಿಗೆ ಕೊಟ್ಟು ಜಿ.ಎಲ್. ಗುರುತೂ ಹೊಂದಿದರೆ ಬೆಳಗಿನ ಗೇರು ಇನ್ನಷ್ಟು ಹಗುರವಾಗುವುದು ನಿಜ. ಬೇಸಿಗೆಗೂ ಅದು ಅಂಜುವುದಿಲ್ಲ. ಆದರೆ ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿ ಹೊಸಹಳ್ಳಿಗೆ ಬರುವುದಿಲ್ಲ. ನಾನು ೮೦ಡಬ್ಲ್ಯೂ-೯೦, ಜಿ.ಎಲ್. ೪ ಎಂದು ಪುಸ್ತಕದಲ್ಲಿದ್ದುದನ್ನೇ ಹಾಕಿಸಿದೆ. ತಂದೆಯವರು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆ ಪುಸ್ತಕ ಇಷ್ಟು ವರ್ಷವೂ ನಮ್ಮ ಕಪಾಟಿನಲ್ಲಿಯೇ ಇತ್ತು. ಹಳಗನ್ನಡ ಕಾವ್ಯದ ಪಾಠಾಂತರಗಳನ್ನು ಹುಡುಕಿ ಓದುವವನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

“ಎಣ್ಣೆ ಅರ್ಧ ಕೆಡಿಸ್ತು, ನಿಮ್ಮ ಕೈ ಅರ್ಧ ಕೆಡಿಸ್ತು” ಎಂದು ಮೇಸ್ತ್ರಿಗಳು ಲೆಕ್ಕ ಹೇಳಿದರು. ಬಿಲ್ಲನ್ನು ಮಾತ್ರ ಪೂರ್ತಿ ನಾನೇ ತೆತ್ತೆ. ಗಟ್ಟಿ ಎಂದರೆ ಮಂದವಾದದ್ದು ಎಂದೂ ಅರ್ಥ, ಬಲವಾದದ್ದು ಎಂದೂ ಅರ್ಥ. ಮೊದಲ ಅರ್ಥದ ವಸ್ತುವನ್ನು ಎರಡನೆಯ ಅರ್ಥದ ಆಸೆಯಿಂದ ಕೊಂಡದ್ದು ನನ್ನ ತಪ್ಪು. ಈಗ ತರಗತಿಯಲ್ಲಿ ಶ್ಲೇಷ ಬಂದಾಗಲೆಲ್ಲ ನನ್ನ ಅಂಗೈಗೆ ಆ ಹಿತ್ತಾಳೆ ಉಂಗುರದ ನೆನಪಾಗುತ್ತದೆ.

ಮಾಘದ ಒಂದು ತಣ್ಣನೆಯ ಬೆಳಗು ಅವ್ವನನ್ನು ಕೊಟ್ಟೂರಿಗೆ ಸ್ವಾಮಿಯ ದರ್ಶನಕ್ಕೆ ಕರೆದೊಯ್ದೆ. ಮೊದಲು ನಿಧಾನವಾಗಿ ಬೀದಿ ದಾಟಿಸಿ, ಸರಳಿನ ಮೇಲೆ ಕೈಯನ್ನು ಹಗುರವಾಗಿಟ್ಟೆ. ಎರಡನೆಯ ಗೇರು ಮಾತಾಡದೆ ಬಿತ್ತು. ಅವ್ವ ಕಂಬಳಿಯೊಳಗಿನಿಂದ ಮುಖ ಹೊರಗೆ ಹಾಕಿ ನೋಡಿದಳು.

“ಅದರ ಉಬ್ಬಸಾನೂ ಹೋಯ್ತೇನಪ್ಪಾ?” ಎಂದಳು.