ಹಿತ್ತಲ ಬಾಗಿಲಿಗೂ ಕಾವಲು ಬೇಕು



ಪೈಥಾನ್ ಕಲಿಯುವವರಿಗೆ ಬೇಗನೇ ಹೇಳಿಕೊಡುವ ಒಂದು ಮಾತಿದೆ: "ಹಳೆಯ ಕ್ಲಾಸ್‌ನಿಂದ ಹೊಸ ಕ್ಲಾಸ್ ಮಾಡ್ರಿ, ಬೇಕಾದ ಮೆಥಡ್ ಮಾತ್ರ ಬದಲಿಸ್ರಿ, ಉಳಿದದ್ದು ತಾನೇ ನಡೀತದ." ನಾವೇ ಬರೆದ ಕ್ಲಾಸ್‌ಗಳಿಗೆ ಇದು ಬಹುಮಟ್ಟಿಗೆ ಸರಿ. ಆದರೆ ಪೈಥಾನ್ ಜೊತೆಗೇ ಬರುವ ಲಿಸ್ಟ್, ಡಿಕ್ಟ್‌ಗಳ ವಿಷಯದಲ್ಲಿ ಈ ಮಾತನ್ನು ಪರೀಕ್ಷಿಸದೆ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ನಮ್ಮದೇ ಉದಾಹರಣೆ ನೋಡೋಣ. ಜತ್ತ ತಾಲ್ಲೂಕಿನ ನಮಗೆ ಮೂರು ಬಗೆಯ ಅಂಕಿಗಳು ಗೊತ್ತು. ಮರಾಠಿ ಪುಸ್ತಕದಲ್ಲಿ ದೇವನಾಗರಿ ಅಂಕಿ, ಗಣಿತದಲ್ಲಿ 1, 2, 3, ಅಜ್ಜನ ಹಳೆಯ ಲೆಕ್ಕದಲ್ಲಿ ೧, ೨, ೩. ಪೈಥಾನ್ 3ರ ‘ಇಂಟ್’ ಈ ಮೂರನ್ನೂ ಓದುತ್ತದೆ. ‘೧೨’ ಕೊಡಿ, ದೇವನಾಗರಿಯ ಹನ್ನೆರಡು ಕೊಡಿ, ಸಿಗುವುದು 12 ಎಂಬ ಒಂದೇ ಸಂಖ್ಯೆ.

ಈಗ ಒಬ್ಬ ವಿದ್ಯಾರ್ಥಿ ಡಿಕ್ಟ್‌ನಿಂದ ‘ಹಾಜರಿ’ ಎಂಬ ಕ್ಲಾಸ್ ಮಾಡುತ್ತಾನೆ ಅಂದುಕೊಳ್ಳಿ. ಹಾಜರಿ ಸಂಖ್ಯೆಯನ್ನು ಯಾವ ಅಂಕಿಯಲ್ಲಿ ಬರೆದರೂ ಇಂಟ್‌ಗೆ ಬದಲಿಸಿ ಇಡು ಎಂದು ‘ಸೆಟ್‌ಐಟಮ್’ ಮೆಥಡ್‌ನಲ್ಲಿ ಬರೆಯುತ್ತಾನೆ. ಚೌಕ ಕಂಸದಲ್ಲಿ ‘೧೨’ ಕೊಟ್ಟು ಹಾಜರಿ ಹಾಕಿದರೆ 12 ಎಂದೇ ಸೇರುತ್ತದೆ. ಸಂತೋಷ. ಆಮೇಲೆ ಅದೇ ‘೧೨’ ಇರುವ ಇನ್ನೊಂದು ಪಟ್ಟಿಯನ್ನು ‘ಅಪ್‌ಡೇಟ್’ ಮೂಲಕ ಸೇರಿಸುತ್ತಾನೆ. ಈಗ ಎಣಿಸಿ ನೋಡ್ರಿ: ಒಬ್ಬ ಹುಡುಗ ಇಬ್ಬರಾಗ್ಯಾನ! ಸಂಖ್ಯೆಯಾದ 12 ಒಂದು, ಅಕ್ಷರಗಳಾಗಿಯೇ ಉಳಿದ ‘೧೨’ ಇನ್ನೊಂದು. ಕ್ಲಾಸ್‌ನ ವಸ್ತುವನ್ನು ಮೊದಲು ರಚಿಸುವಾಗ ಕೊಟ್ಟ ಪಟ್ಟಿಗೂ, ‘ಸೆಟ್‌ಡಿಫಾಲ್ಟ್’‌ಗೂ ಇದೇ ಗತಿ.

ಕಾರಣವೇನು? ಸಾಮಾನ್ಯವಾಗಿ ನಾವು ಬಳಸುವ ಪೈಥಾನ್‌ನಲ್ಲಿ ಡಿಕ್ಟ್ ಬರೆದಿರುವುದು ಸಿ ಭಾಷೆಯಲ್ಲಿ. ವೇಗಕ್ಕಾಗಿ ಅದರ ಅಪ್‌ಡೇಟ್ ನೇರವಾಗಿ ಒಳಗಿನ ಕೋಷ್ಟಕಕ್ಕೆ ಬರೆಯುತ್ತದೆ. ನಾವು ಬದಲಿಸಿದ ಸೆಟ್‌ಐಟಮ್ ಅನ್ನು ಕೇಳುವುದೇ ಇಲ್ಲ. ನಾವು ಮುಂಬಾಗಿಲಿಗೆ ಕಾವಲು ಹಾಕಿದ್ದೇವೆ, ಮಂದಿ ಹಿತ್ತಲ ಬಾಗಿಲಿಂದ ಒಳಗೆ ಬರುತ್ತಿದ್ದಾರೆ. 2001ರಲ್ಲಿ ಬಂದ ಪೈಥಾನ್ 2.2ರಿಂದ ಡಿಕ್ಟ್‌ನಂಥ ಮೂಲ ಬಗೆಗಳಿಂದಲೂ ಹೊಸ ಕ್ಲಾಸ್ ಮಾಡಲು ಅವಕಾಶವಿದೆ. ಆದರೆ ಒಂದು ಮೆಥಡ್ ಇನ್ನೊಂದನ್ನು ಕರೆದೇ ಕರೆಯುತ್ತದೆ ಎಂಬ ಭರವಸೆ ಅದರ ಜೊತೆ ಬರಲಿಲ್ಲ.

ಇಲ್ಲಿ ಅಪಾಯ ಇರುವುದು ಮೌನದಲ್ಲಿ. ಪ್ರೋಗ್ರಾಮ್ ನಿಲ್ಲುವುದಿಲ್ಲ, ಕೆಂಪು ಅಕ್ಷರದ ದೋಷ ಬರುವುದಿಲ್ಲ. ಆ ಲೆಕ್ಕ ನಂಬಿ ಮಧ್ಯಾಹ್ನದ ಊಟಕ್ಕೆ ಅಕ್ಕಿ ಅಳೆದರೆ ಹೆಚ್ಚಾಗುತ್ತದೆ. ಶೇಕಡಾವಾರು ಹಾಜರಿ ತೆಗೆದರೆ ತಪ್ಪಾಗುತ್ತದೆ.

"ಪೈಥಾನ್‌ನ ‘ಕೌಂಟರ್’ ಕೂಡ ಡಿಕ್ಟ್‌ನಿಂದಲೇ ಬಂದದ್ದಲ್ಲವೇ?" ಎಂದು ನೀವು ಕೇಳಬಹುದು. ಹೌದು. ಆದರೆ ಅದನ್ನು ಬರೆದವರು ಅಪ್‌ಡೇಟ್ ಅನ್ನೂ ತಾವೇ ಬೇರೆಯಾಗಿ ಬರೆದಿದ್ದಾರೆ. ಅಷ್ಟಾದರೂ ಇಲ್ಲದ ಹೆಸರನ್ನು ಚೌಕ ಕಂಸದಲ್ಲಿ ಕೇಳಿದರೆ ಕೌಂಟರ್ 0 ಹೇಳುತ್ತದೆ, ‘ಗೆಟ್’ ಮೂಲಕ ಕೇಳಿದರೆ ‘ನನ್’ ಅನ್ನುತ್ತದೆ. ಎರಡು ಬಾಗಿಲು, ಎರಡು ಉತ್ತರ!

ಹಾಗಾದರೆ ಏನು ಮಾಡಬೇಕು? ಹೊಸ ಮೆಥಡ್ ಸೇರಿಸುವುದಷ್ಟೇ ನಿಮ್ಮ ಉದ್ದೇಶವಾದರೆ ಡಿಕ್ಟ್‌ನಿಂದಲೇ ಕ್ಲಾಸ್ ಮಾಡಿ, ತೊಂದರೆಯಿಲ್ಲ. ಇರುವ ನಡವಳಿಕೆಯನ್ನೇ ಬದಲಿಸಬೇಕಾದರೆ ‘ಕಲೆಕ್ಷನ್ಸ್’ ಮಾಡ್ಯೂಲಿನ ‘ಯೂಸರ್‌ಡಿಕ್ಟ್’ ಬಳಸಿ. ಅದು ಡಿಕ್ಟನ್ನು ತನ್ನೊಳಗೆ ಇಟ್ಟುಕೊಂಡು, ಅಪ್‌ಡೇಟ್ ಬಂದರೂ ನಿಮ್ಮ ಸೆಟ್‌ಐಟಮ್ ಮೂಲಕವೇ ಕಳಿಸುತ್ತದೆ. ಲಿಸ್ಟ್‌ಗೆ ‘ಯೂಸರ್‌ಲಿಸ್ಟ್’ ಇದೆ, ಆದರೆ ಅದರ ಪ್ರತಿ ಮೆಥಡ್ಡನ್ನೂ ಪರೀಕ್ಷಿಸಿಯೇ ಬಳಸಿ. ಇವು ತುಸು ನಿಧಾನ, ನಿಜ. ಆದರೆ ಒಂದು ತರಗತಿಯ ಲೆಕ್ಕಕ್ಕೆ ಆ ನಿಧಾನ ನಿಮಗೆ ಗೊತ್ತೂ ಆಗುವುದಿಲ್ಲ. ತಪ್ಪು ಉತ್ತರ ಬೇಗ ಬಂದು ಏನು ಉಪಯೋಗ? ಓದುವಾಗ, ಅಳಿಸುವಾಗ, ಇದೆಯೋ ಇಲ್ಲವೋ ಎಂದು ನೋಡುವಾಗಲೂ ಅಂಕಿ ಬದಲಿಸಬೇಕಾದರೆ, ಆ ಮೆಥಡ್‌ಗಳನ್ನೂ ನೀವೇ ಬರೆಯಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ವಿಜ್ಞಾನದ ದಾರಿಯೂ ಅದೇ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆ ಸಾಲದು ಎಂದು ಕಲಿಯುವ ನೀವು, ಕಂಪ್ಯೂಟರ್ ಮುಂದೆ ಕೂತಾಗ ಒಂದೇ ಸಲ ಓಡಿಸಿ "ಸರಿ ಬಂತು" ಎಂದು ಏಳಬೇಡಿ. ಹಾಜರಿ ಕ್ಲಾಸನ್ನು ಡಿಕ್ಟ್‌ನಿಂದ ಒಮ್ಮೆ, ಯೂಸರ್‌ಡಿಕ್ಟ್‌ನಿಂದ ಒಮ್ಮೆ ಬರೆಯಿರಿ. ಪ್ರತಿ ಬಾಗಿಲಿಂದಲೂ ‘೧೨’ ಕಳಿಸಿ. ಒಳಗೆ ಎಷ್ಟು ಮಂದಿ ಇದ್ದಾರೆಂದು ನೀವೇ ಎಣಿಸಿ.