ಮಂಗಗಳನ್ನು ಹಿಡಿಯುವ ಮೊದಲು ಎಣಿಸಿ

ಫೆಬ್ರುವರಿ ಕಳೆದು ಮಾರ್ಚ್ ಬಂತೆಂದರೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ಗೊನೆಗೆ ಸಿಹಿ ಇಳಿಯುತ್ತದೆ. ಅಷ್ಟರಲ್ಲಿ ಹಳ್ಳಗಳು ಬತ್ತಿರುತ್ತವೆ, ಬಯಲಿನಲ್ಲಿ ಹಸಿರು ಚಿಗುರು ಕಾಣುವುದಿಲ್ಲ. ಅಕ್ಟೋಬರಿನಲ್ಲಿ ಚಾಟನಿ ಮಾಡಿ, ಬರದ ವರ್ಷ ಟ್ಯಾಂಕರ್ ನೀರು ಕೊಂಡು ಹಾಕಿ ಬಳ್ಳಿ ಉಳಿಸಿಕೊಂಡ ರೈತನ ದ್ರಾಕ್ಷಿ ಪಡಕ್ಕೆ ಮಂಗಗಳು ಇಳಿಯುವುದು ಇಂಥ ದಿನಗಳಲ್ಲೇ. ತಿಂದದ್ದಕ್ಕಿಂತ ಕಿತ್ತು ಚೆಲ್ಲಿದ್ದೇ ನಷ್ಟ. ಅವನ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟಿಗೆ ಉತ್ತರವಾಗಿ ಊರೂರಲ್ಲಿ ಕೇಳಿಬರುವ ಬೇಡಿಕೆ ಒಂದೇ: ಬೋನಿಟ್ಟು ಹಿಡಿಯಿರಿ, ದೂರದ ಕಾಡಿಗೆ ಬಿಡಿ.

ಯಾವ ಕಾಡಿಗೆ? ಸಸಿ ನೆಡುವ ಕೋಟಿ ವೃಕ್ಷ ಅಭಿಯಾನ ಶುರುವಾದಾಗ ವಿಜಯಪುರ ಜಿಲ್ಲೆಯಲ್ಲಿ ಅರಣ್ಯವೆಂಬುದು ಶೇ 1ರಷ್ಟೂ ಇರಲಿಲ್ಲ. ಇಲ್ಲಿ ಹಿಡಿದ ಮಂಗ ಕೊನೆಗೆ ಹೋಗುವುದು ಇನ್ನೊಂದು ಊರಿನ ಅಂಚಿಗೆ, ಇನ್ನೊಬ್ಬ ರೈತನ ಹೊಲಕ್ಕೆ. ಹಿಂಡಿನ ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಬದುಕು ಮುಗಿಸುತ್ತವೆ, ಬೆಳೆದ ಗಂಡುಗಳು ಹಿಂಡು ಬದಲಿಸುತ್ತವೆ. ಬೋನಿಗೆ ಸಿಕ್ಕಷ್ಟನ್ನು ಹಿಡಿದು ಒಯ್ದರೆ ತಾಯಿ–ಮಗಳು, ಅಕ್ಕ–ತಂಗಿಯರ ಆ ನಂಟು ಹರಿಯುತ್ತದೆ. ಖಾಲಿಯಾದ ಜಾಗಕ್ಕೆ ಪಕ್ಕದ ಹಿಂಡು ಬರಲು ತಡವಾಗುವುದಿಲ್ಲ.

ಅದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ. ಹಿಡಿಯುತ್ತಿರುವುದು ಯಾವ ಮಂಗವನ್ನು? ಕಪ್ಪು ಮೋರೆಯ ಮುಸ್ಯಾನನ್ನು ಎಲ್ಲರೂ ಗುರುತಿಸುತ್ತಾರೆ. ಉಳಿದದ್ದೆಲ್ಲ ಜನರ ಲೆಕ್ಕದಲ್ಲಿ ಬರೀ ಮಂಗ್ಯಾ. ವಿಜ್ಞಾನದ ಲೆಕ್ಕದಲ್ಲಿ ಅವು ಎರಡು. ನೆತ್ತಿಯಿಂದ ಸುತ್ತಲೂ ಟೊಪ್ಪಿಗೆಯಂತೆ ಹರಡಿದ ಕೂದಲು, ಮೈಗಿಂತ ಉದ್ದದ ಬಾಲ ಇದ್ದರೆ ಅದು ಬಾನೆಟ್ ಮಕಾಕ್. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲದ ಪ್ರಾಣಿ. ಬಾಲ ಗಿಡ್ಡ, ಹಿಂಭಾಗ ಕೆಂಪು ಇದ್ದರೆ ಅದು ಉತ್ತರದ ರೀಸಸ್. ಇವೆರಡರ ಸರಹದ್ದು ಹಾಯುವುದು ದಖ್ಖನ್ನಿನಲ್ಲೇ, ಭೀಮಾ–ಕೃಷ್ಣೆಯರ ನಡುವಿನ ವಿಜಯಪುರಕ್ಕೆ ಅದು ದೂರದ ಮಾತಲ್ಲ. ರೀಸಸ್ ದಕ್ಷಿಣಕ್ಕೆ ಸರಿಯುತ್ತ ಬಾನೆಟ್ ಮಂಗದ ನೆಲವನ್ನು ಒತ್ತುತ್ತಿದೆ ಎಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2011ರಲ್ಲೇ ಎಚ್ಚರಿಸಿದ್ದರು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಅವರ ತಂಡ ರಸ್ತೆ ಬದಿಯ ಬಾನೆಟ್ ಮಂಗಗಳನ್ನು ದಶಕಗಳ ಕಾಲ ಎಣಿಸಿತು. 25 ವರ್ಷಗಳಲ್ಲಿ ಶೇ 65ಕ್ಕೂ ಹೆಚ್ಚು ಕುಸಿತ ಕಂಡಿದೆ ಎಂದು 2017ರಲ್ಲಿ ಪ್ರಕಟಿಸಿತು. ಮುಖ್ಯ ಕಾರಣಗಳಲ್ಲಿ ಒಂದು, ರಸ್ತೆ ಅಗಲವಾದಾಗ ಉರುಳಿದ ಸಾಲುಮರಗಳು. ಈಗ ಈ ಮಂಗ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದ ಅಂಚಿನ ಪ್ರಾಣಿ.

ಮಂಗಗಳು ವಿಪರೀತ ಹೆಚ್ಚಿವೆ ಎಂದು ಊರಿನವರು ಹೇಳುವುದು, ಇಲ್ಲ ಕಡಿಮೆಯಾಗಿವೆ ಎಂದು ಸಂಶೋಧಕರು ಹೇಳುವುದು, ಎರಡೂ ನಿಜ ಇರಬಹುದು. ಮರ ಕಳೆದುಕೊಂಡ ಹಿಂಡು ಊರೊಳಗೆ ಬಂದು ಕೂತರೆ ಎದುರಿಗೆ ಕಾಣುವುದು ಹೆಚ್ಚು, ಒಟ್ಟು ಉಳಿದಿರುವುದು ಕಡಿಮೆ.

ಊರಿಗೆ ಬಂದ ಮಂಗ ಏನು ಕಲಿಯುತ್ತದೆ ಎಂಬುದನ್ನೂ ಬಲ್ಲವರಿದ್ದಾರೆ. ಬಂಡೀಪುರದ ಬಾನೆಟ್ ಮಂಗಗಳು ಮನುಷ್ಯರ ಮುಂದೆ ಕೂಗಿ, ಕೈಚಾಚಿ ತಿಂಡಿ ಬೇಡುತ್ತವೆ. ಇದು ಬೇಕೆಂದೇ ನಡೆಸುವ ಸಂವಹನ ಎಂದು ಸಿನ್ಹಾ ಅವರ ತಂಡ 2018ರಲ್ಲಿ ತೋರಿಸಿತು. ಬಾದಾಮಿಯ ಗುಹೆಗಳ ಬಳಿ ಚೀಲ ಕಸಿಯುವ ಮಂಗಗಳನ್ನು ಕಂಡವರು ವಿಜಯಪುರದಲ್ಲೂ ಅನೇಕರು. ಬಿಸ್ಕತ್ತು, ಬಾಳೆಹಣ್ಣು ಹಾಕುವ ಭಕ್ತಿಯನ್ನು ಯಾರೂ ಹಂಗಿಸಬೇಕಿಲ್ಲ. ಆದರೆ ಶನಿವಾರ ಹನುಮಪ್ಪನ ಗುಡಿಯ ಮುಂದೆ ಕೈಯಿಂದ ತಿಂದ ಮರಿಯೇ ಮುಂದೆ ಅಡುಗೆಮನೆಯ ಕಿಟಕಿಗೂ ಪಡಕ್ಕೂ ಧೈರ್ಯವಾಗಿ ಬರುತ್ತದೆ.

ಬಿಸಿಲುನಾಡಿಗೆ ಹತ್ತಿರದ ಪಾಠವೊಂದು ಬಂದಿರುವುದು ಕೆರಿಬಿಯನ್ ಸಮುದ್ರದಿಂದ. ಪೋರ್ಟೊ ರಿಕೊ ಬಳಿಯ ಕಾಯೊ ಸ್ಯಾಂಟಿಯಾಗೊ ಎಂಬ ಪುಟ್ಟ ದ್ವೀಪಕ್ಕೆ 1938ರಲ್ಲಿ ಭಾರತದಿಂದ 400ಕ್ಕೂ ಹೆಚ್ಚು ರೀಸಸ್ ಮಂಗಗಳನ್ನು ಒಯ್ದು ಬಿಟ್ಟಿದ್ದರು. ಅವುಗಳ ಸಂತತಿಯನ್ನು ಇಂದಿಗೂ ಅಧ್ಯಯನ ಮಾಡುತ್ತಾರೆ. 2017ರ ಮರಿಯಾ ಚಂಡಮಾರುತ ದ್ವೀಪದ ಗಿಡಮರಗಳಲ್ಲಿ ಸುಮಾರು ಶೇ 63ರಷ್ಟನ್ನು ನಾಶ ಮಾಡಿತು. ಬಯಲಾದ ಕಡೆ ಹಗಲಿನ ತಾಪ 40 ಡಿಗ್ರಿ ದಾಟಿತು. ಜಗಳಗಂಟಿಗಳೆಂದೇ ಹೆಸರಾದ ಆ ಮಂಗಗಳು ಉಳಿದಿದ್ದ ತುಣುಕು ನೆರಳನ್ನು ಹಂಚಿಕೊಳ್ಳತೊಡಗಿದವು. ಹಾಗೆ ಸಹಿಸಿಕೊಂಡು ಒಟ್ಟಿಗೆ ಕೂತವುಗಳಲ್ಲಿ ಸಾವು ಕಡಿಮೆಯಾಗಿತ್ತು ಎಂದು 2024ರಲ್ಲಿ ‘ಸೈನ್ಸ್’ ಪತ್ರಿಕೆ ವರದಿ ಪ್ರಕಟಿಸಿತು. ನೆರಳೇ ಜೀವ ಉಳಿಸುವ ಸಂಪತ್ತು ಎಂಬುದನ್ನು ಏಪ್ರಿಲ್ ತಿಂಗಳ ವಿಜಯಪುರಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಾಯಾರಿದ ಹಿಂಡು ನೀರಿದ್ದಲ್ಲಿಗೆ, ನೆರಳಿದ್ದಲ್ಲಿಗೆ ಬರುತ್ತದೆ. ಇಲ್ಲಿ ಆ ಎರಡೂ ಇರುವುದು ರೈತನ ತೋಟದಲ್ಲಿ.

ಆರೋಗ್ಯದ ಮಾತನ್ನೂ ಬಿಡುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದರಿಂದಲೇ ಮಂಗನ ಕಾಯಿಲೆಯ ಸುಳಿವು ಸಿಕ್ಕಿದ್ದು. ಬಯಲುಸೀಮೆಯ ಮಂಗಗಳನ್ನು ಲಾರಿಯಲ್ಲಿ ತುಂಬಿ ಉಣುಗುಗಳಿರುವ ಮಲೆನಾಡಿಗೆ ಬಿಡುವುದು ಅವಕ್ಕೂ ಅಲ್ಲಿನ ಜನಕ್ಕೂ ಅಪಾಯ. ಇತ್ತ ಸಮಸ್ಯೆಯನ್ನು ಊರಿನವರ ತಲೆಗೇ ಕಟ್ಟಿ ಸರ್ಕಾರ ಕೈತೊಳೆದುಕೊಂಡರೆ ಏನಾಗುತ್ತದೆಂಬುದು 2021ರಲ್ಲಿ ಹಾಸನ ಜಿಲ್ಲೆಯಲ್ಲಿ ಕಂಡಿತು. ಗೋಣಿಚೀಲಗಳಲ್ಲಿ 38 ಮಂಗಗಳ ಹೆಣ ಸಿಕ್ಕಿತು, ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ವಿಜಯಪುರ ಆ ಹಂತಕ್ಕೆ ಹೋಗಬಾರದು.

ಆದ್ದರಿಂದ ಮೊದಲ ಖರ್ಚು ಬೋನಿಗಲ್ಲ, ಎಣಿಕೆಗೆ ಆಗಲಿ. ಇದಕ್ಕೆ ಹೊರಗಿನ ತಜ್ಞರ ದಾರಿ ಕಾಯಬೇಕಿಲ್ಲ. ನಗರದ ಅಂಚಿನಲ್ಲೇ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಹಿಟ್ಟಿನಹಳ್ಳಿಯಲ್ಲಿ ಕೃಷಿ ಕಾಲೇಜಿದೆ. ಹಿಂಡುಗಳೆಷ್ಟು, ಯಾವ ಜಾತಿ, ಮರಿಗಳೆಷ್ಟು, ರಾತ್ರಿ ಮಲಗುವ ಮರ ಯಾವುದು, ಯಾವ ತಿಂಗಳು ಯಾವ ಹೊಲಕ್ಕೆ ಇಳಿಯುತ್ತವೆ ಎಂಬುದನ್ನು ಅಲ್ಲಿನ ವಿದ್ಯಾರ್ಥಿಗಳು ಒಂದು ವರ್ಷ ಹಳ್ಳಿಹಳ್ಳಿ ಸುತ್ತಿ ಬರೆದಿಡಬಲ್ಲರು. ಅದೇ ಹೊತ್ತಿಗೆ ಯಾವ ರೈತನಿಗೆ ಎಷ್ಟು ಹಾನಿಯಾಯಿತು ಎಂಬುದನ್ನೂ ತೂಕ ಹಾಕಿ ದಾಖಲಿಸಬೇಕು. ಆ ಲೆಕ್ಕವಿಲ್ಲದೆ ಪರಿಹಾರದ ಮಾತು ಗಟ್ಟಿಯಾಗಿ ನಿಲ್ಲುವುದಿಲ್ಲ. ಸಂತಾನಶಕ್ತಿ ಹರಣವನ್ನು ಹಿಮಾಚಲ ಪ್ರದೇಶ 2007ರಿಂದ ರೀಸಸ್ ಮಂಗಗಳ ಮೇಲೆ ನಡೆಸುತ್ತ ಬಂದಿದೆ. ಬಾನೆಟ್ ಮಂಗಗಳ ಮಟ್ಟಿಗೆ ಅದು ಬೇಕೇ ಎಂಬುದನ್ನು ತೀರ್ಮಾನಿಸಲೂ ಅಂಕಿಯೇ ಬೇಕು.

ಎರಡನೆಯ ಖರ್ಚು ಮರಕ್ಕೆ. ಸಸಿ ನೆಡುವ ಹುರುಪು ಈ ಜಿಲ್ಲೆಗೆ ಹೊಸದಲ್ಲ. ಮುಂದಿನ ಮಳೆಗಾಲದ ಸಸಿಗಳಲ್ಲಿ ಆಲ, ಅರಳಿ, ಬಸರಿ, ಅತ್ತಿಗೆ ದೊಡ್ಡ ಪಾಲು ಸಿಗಬೇಕು. ಒಂದೇ ಕಾಲಕ್ಕೆ ಹಣ್ಣಾಗದ ಈ ಮರಗಳು ಮಮದಾಪುರದ ಕೆರೆಯ ಆಚೀಚೆ, ಸರ್ಕಾರಿ ಗುಡ್ಡಗಳಲ್ಲಿ, ಪಡಗಳಿಂದ ದೂರವಾಗಿ, ಬೇಸಿಗೆಗೆ ಒಂದೊಂದು ನೀರಿನ ತೊಟ್ಟಿಯ ಜತೆಗೆ ಬೆಳೆಯಬೇಕು.