ನಿಜವಾದ ಡಕಾಯಿತ ಯಾರು?



1957ರಲ್ಲಿ ಮೆಹಬೂಬ್ ಖಾನ್ ಅವರು ತೆಗೆದ 'ಮದರ್ ಇಂಡಿಯಾ' ಎಂಬ ಹಿಂದಿ ಸಿನಿಮಾದಲ್ಲಿ ಬಿರ್ಜು ಎಂಬ ರೈತನ ಮಗ ಡಕಾಯಿತನಾಗುತ್ತಾನೆ. ಕೊನೆಗೆ ಹೆತ್ತ ತಾಯಿ ರಾಧೆಯೇ ಅವನಿಗೆ ಗುಂಡು ಹೊಡೆಯುತ್ತಾಳೆ. ಆದರೂ ನಮಗೆ ಬಿರ್ಜುವಿನ ಮೇಲೆ ಅಯ್ಯೋ ಅನ್ನಿಸುತ್ತೆ. ಯಾಕೆ?

ಅವನು ಹುಟ್ಟಿದಾಗಲೇ ಕೆಟ್ಟವನಲ್ಲ. ರಾಧೆಯ ಮದುವೆಗೆಂದು ಅವಳ ಅತ್ತೆ ಸುಖಿಲಾಲ ಎಂಬ ಸಾಹುಕಾರನ ಹತ್ತಿರ 500 ರೂಪಾಯಿ ಸಾಲ ಮಾಡಿರುತ್ತಾಳೆ. ಅದರ ಬಡ್ಡಿ ಅಂತ ಬೆಳೆಯ ನಾಲ್ಕರಲ್ಲಿ ಮೂರು ಪಾಲು ಅವನಿಗೇ ಹೋಗುತ್ತದೆ. ನಾಲ್ಕು ಚೀಲ ಬೆಳೆದರೆ ಮನೆಗೆ ಉಳಿಯೋದು ಒಂದೇ ಚೀಲ! ಅವನ ಲೆಕ್ಕದ ಪುಸ್ತಕ ಓದೋಣವೆಂದರೆ ರೈತರಿಗೆ ಅಕ್ಷರ ಬರಲ್ಲ. ಪಂಚಾಯ್ತಿಯೂ ಸಾಹುಕಾರನ ಕಡೆಗೇ ತೀರ್ಪು ಹೇಳುತ್ತದೆ.

ಬಿರ್ಜು ಬಂದೂಕು ಹಿಡಿದದ್ದು ಎಲ್ಲರಿಗೂ ಕಾಣುತ್ತೆ. ಸುಖಿಲಾಲ ಹಿಡಿದದ್ದು ಲೆಕ್ಕದ ಪುಸ್ತಕ. ಅದಕ್ಕೇ ಅವನನ್ನು ಯಾರೂ ಡಕಾಯಿತ ಅನ್ನಲಿಲ್ಲ. ನನ್ನ ಪ್ರಕಾರ ಮೊದಲು ದರೋಡೆ ಮಾಡಿದವನು ಅವನೇ.

ಹಾಗಂತ ಬಿರ್ಜು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಸಾಹುಕಾರನ ಮಗಳು ರೂಪಾಳನ್ನು ಮದುವೆ ದಿನವೇ ಎತ್ತಿಕೊಂಡು ಹೋಗ್ತಾನೆ. ಸಾಲದ ಲೆಕ್ಕ ಬರೆದವಳು ಅವಳಲ್ಲವಲ್ಲ! ಅಪ್ಪನ ತಪ್ಪಿಗೆ ಮಗಳಿಗೇಕೆ ಶಿಕ್ಷೆ? ಆದ್ದರಿಂದ ರಾಧೆ ಅವನನ್ನು ತಡೆದದ್ದು ಸರಿ.

ಆದರೆ ಬಿರ್ಜು ಸತ್ತ, ನ್ಯಾಯ ಸಿಕ್ಕಿತು ಅಂತ ಸುಮ್ಮನಾಗಬಾರದು. ಲೆಕ್ಕ ಓದೋಕೆ ಬರೋ ರೈತನೊಬ್ಬ ಪಂಚಾಯ್ತಿಯಲ್ಲಿ ಎದ್ದು ನಿಂತು ಕೇಳಿದ್ದರೆ ಬಂದೂಕೇ ಬೇಕಾಗ್ತಿರಲಿಲ್ಲ ಅಂತ ನನಗನ್ನಿಸುತ್ತೆ. ನೀವೇನಂತೀರಿ?

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ